ನಿಂತ ದವಡೆಗೆ ಕೇಳಿದ ಪ್ರಶ್ನೆ

ನನ್ನ ಬೆನ್ನಿಗೆ ಕಬ್ಬಿಣ ತಾಗಿತು.

ತಾಗಬಾರದಿತ್ತು. ಜಲ್ಲಿಕಲ್ಲು ಒಡೆಯುವ ಖಡಿ ಮಷೀನು ನಿಂತಿತ್ತು. ನಾನು ಅದರ ಬಾಯೊಳಗೆ, ಎರಡು ದವಡೆಗಳ ನಡುವೆ ಕುಕ್ಕರಗಾಲಲ್ಲಿ ಕೂತಿದ್ದೆ. ಮೇಲೆ ರಾವೂರದ ಕ್ವಾರಿಯ ಮಟಮಟ ಮಧ್ಯಾಹ್ನ. ಕಾಲಡಿಯಲ್ಲಿ ಸುಣ್ಣಗಲ್ಲಿನ ಧೂಳು... ಮತ್ತು ತೊಳೆದರೂ ಹೋಗದ ಒಂದು ಕಲೆ.

"ರಮೇಶಕುಮಾರ, ಏನ್ ಮಾಡಿದ್ರಿ?"

"ಏನಿಲ್ರಿ ಸರ್." ಕಂಟ್ರೋಲ್ ರೂಮಿನ ಕಿಟಕಿಯಿಂದ ಎಂಜಿನಿಯರನ ದನಿ. "ನಿಂತದೋ ಇಲ್ಲೋ ಅಂತ ಖಾತ್ರಿ ಮಾಡ್ಕೊಂಡೆ. ಸ್ಪೀಡ್ ಸೊನ್ನೆ ತೋರ್ಸಾಕತ್ತದ."

"ಕೀಬೋರ್ಡ್ ಮ್ಯಾಲಿಂದ ಕೈ ತೆಗೀರಿ."

"ಬರೇ ಕೇಳೋದು ಸರ್, ಅದಕ್ಕೇನಾಗ್ತದ..."

"ಕೈ ತೆಗೀರಿ."

ಮೇಲೆ ಹತ್ತಿ ಬಂದಾಗ ನನ್ನ ಅಂಗಿಯ ಬೆನ್ನು ಹರಿದಿತ್ತು. ದವಡೆ ಸರಿದದ್ದು ಬೆರಳಷ್ಟೇ. ಪರದೆಯ ಮೇಲೆ ಆಗಲೂ ‘ತಡೆದು ನಿಲ್ಲಿಸಿದೆ’ ಎನ್ನುವ ಅದೇ ಇಂಗ್ಲಿಷ್ ಪದ. ಪಾಸ್ಡ್.

ಅಲ್ಲಿಗೆ ಯಾಕೆ ಇಳಿದಿರಿ ಎಂದು ನೀವು ಕೇಳಬಹುದು.

ಹಿಂದಿನ ವಾರ ಅದೇ ಬಾಯಿಗೆ ಪೀರಪ್ಪ ಇಳಿದಿದ್ದ. ಸಿಕ್ಕಿಬಿದ್ದ ಕಲ್ಲು ಬಿಡಿಸಲು. ಮೇಲೆ ಬರಲಿಲ್ಲ. ಮಾಲಕ ಕಲ್ಯಾಣಪ್ಪ ಪೊಲೀಸರಿಗೆ ಆಪರೇಟರ್ ಸಾಯಿರಾಳ ಹೆಸರು ಕೊಟ್ಟ. ಆಕೆ ಸ್ಟಾರ್ಟ್ ಹಿಡಿಕೆ ಎಳೆದಳು ಎಂದ. ಅದಕ್ಕೆ ಒಬ್ಬ ತಜ್ಞನ ಸಹಿ ಬೇಕಿತ್ತು. ಸಾಫ್ಟ್‌ವೇರಿನಿಂದ ಆದ ಅಪಘಾತಗಳ ಮೂಲ ಹುಡುಕುವುದು ನನ್ನ ದಂಧೆ. ನನ್ನನ್ನು ಕರೆಸಿದ್ದ. ಪೀರಪ್ಪ ಸತ್ತ ಜಾಗ ನೋಡಲು ನಾನೂ ಇಳಿದಿದ್ದೆ.

ಅಲ್ಲಿ ಒಂದು ಕಟ್ಟಳೆ ಇದೆ. ಬಾಯಿಗೆ ಇಳಿಯುವವನು ತನ್ನ ಹೆಗಲ ಟವೆಲನ್ನು ಸ್ಟಾರ್ಟ್ ಹಿಡಿಕೆಗೆ ಕಟ್ಟಿ ಇಳಿಯುತ್ತಾನೆ. ಕಟ್ಟಿದವನೇ ಬಿಚ್ಚಬೇಕು. ಬೇರೆಯವರು ಅದನ್ನು ಮುಟ್ಟಿದರೆ ಮರುದಿನ ಅವರಿಗೆ ಆ ಕ್ವಾರಿಯಲ್ಲಿ ಯಾರೂ ನೀರು ಕೊಡುವುದಿಲ್ಲ.

ಪೀರಪ್ಪನ ಹೆಂಡತಿ ಭೀಮಮ್ಮ ಬೆಳಿಗ್ಗೆಯೇ ಗೇಟಿನಲ್ಲಿ ನನ್ನನ್ನು ತಡೆದಿದ್ದಳು. ಪಕ್ಕದಲ್ಲಿ ಸಾಯಿರಾ, ತಲೆ ತಗ್ಗಿಸಿ.

"ನನ್ ಗಂಡನ ಟವೆಲ್ಲಿಗಿ ಯಾರೂ ಕೈ ಹಚ್ಚಿಲ್ರಿ ಸಾಹೇಬ್ರ. ಹೆಣ ತೆಗ್ಯಾಗೂ ಗಂಟು ಹಂಗೇ ಇತ್ತು. ಈ ಹುಡುಗಿ ಅದರ ಮುಂದೇ ಕುಂತಿದ್ಲು."

"ಪೊಲೀಸ್ನೋರು ಮಧ್ಯಾಹ್ನಕ್ಕ ಬರ್ತಾರಂತ್ರಿ," ಎಂದಳು ಸಾಯಿರಾ. "ಮನ್ಯಾಗ ಸಣ್ ಕೂಸದ. ಇನ್ನಾ ಮೊಲಿ ಬಿಟ್ಟಿಲ್ಲ."

ಅಷ್ಟೇ. ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು.

ಈಗ ಬೆನ್ನು ಉರಿಯುತ್ತಿರುವಾಗ ರಮೇಶಕುಮಾರನ ಲ್ಯಾಪ್‌ಟಾಪಿನ ಮುಂದೆ ಕೂತೆ. ಮಷೀನು ನಡೆಸುವ ಪ್ರೋಗ್ರಾಮನ್ನು ಬೆಳಿಗ್ಗೆಯೇ ಓದಿ ಮುಗಿಸಿದ್ದೆ. ತಪ್ಪಿರಲಿಲ್ಲ. ಓದದೆ ಬಿಟ್ಟದ್ದು ಒಂದೇ... ಅವನು ಬರೆದ ಡಿಬಗರ್. ಓಡುವ ಪ್ರೋಗ್ರಾಮನ್ನು ನಡುವೆ ಹಿಡಿದು ನಿಲ್ಲಿಸಿ, ಒಳಗೆ ಇಣುಕುವ ಉಪಕರಣ. ಹಾಗೆ ನಿಂತಾಗ ನೀವು ಒಂದು ಸಾಲಿನ ಪ್ರಶ್ನೆ ಬರೆಯಬಹುದು. ಅದು ಆ ಸಾಲನ್ನು ಅಲ್ಲೇ ಕಂಪೈಲ್ ಮಾಡಿ ಯಂತ್ರದ ಭಾಷೆಗೆ ತರುತ್ತದೆ. ನಿಂತ ಪ್ರೋಗ್ರಾಮಿನ ಹೊಟ್ಟೆಯೊಳಗೇ ಓಡಿಸುತ್ತದೆ. ಉತ್ತರ ತರುತ್ತದೆ.

ಮೇನ್ ಸ್ವಿಚ್ ತೆಗೆದರೆ ಪ್ರೋಗ್ರಾಮೂ ಸಾಯುತ್ತದೆ. ಸತ್ತದ್ದರಲ್ಲಿ ಕಲ್ಲು ಯಾಕೆ ಸಿಕ್ಕಿಬಿತ್ತು ಎಂದು ಹುಡುಕಲಾಗದು. ಅದಕ್ಕೇ ಅವರು ಕರೆಂಟು ಚಾಲೂ ಇಟ್ಟು, ಡಿಬಗರಿನಲ್ಲಿ ಹಿಡಿದು, ಟವೆಲು ಕಟ್ಟಿ, ಮನುಷ್ಯನನ್ನು ಇಳಿಸುತ್ತಿದ್ದರು.

ಡಿಬಗರಿನೊಳಗೆ ತಪ್ಪಿನ ಸಾಲು ಸಿಕ್ಕಿತು.

ಪ್ರೋಗ್ರಾಮಿನ ಒಳಗೆ ಹಲವು ಆಳುಗಳಿದ್ದಾರೆ ಎಂದುಕೊಳ್ಳಿ. ಎಲ್ಲರೂ ನಿದ್ದೆಯಲ್ಲಿ. ಪ್ರಶ್ನೆ ಬಂದರೆ ಡಿಬಗರ್ ಒಬ್ಬನನ್ನು ಮಾತ್ರ ಎಬ್ಬಿಸುತ್ತದೆ. ಅವನು ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಕೊಡದಿದ್ದರೆ? ರಮೇಶಕುಮಾರ ಬರೆದಿದ್ದ... ಎಲ್ಲರನ್ನೂ ಎಬ್ಬಿಸು. ಉತ್ತರ ಸಿಕ್ಕ ಮೇಲೆ ಮತ್ತೆ ಮಲಗಿಸು.

ಎದ್ದವರಲ್ಲಿ ದವಡೆ ತಿರುಗಿಸುವವನೂ ಇದ್ದ.

ನನ್ನ ಪಾಲಿಗೆ ಉತ್ತರ ಬೇಗ ಬಂದಿತ್ತು. ಪೀರಪ್ಪನ ಪಾಲಿಗೆ ತಡವಾಗಿತ್ತು.

ನಾನು ಆ ಸಾಲಿನ ಮೇಲೆ ಬೆರಳಿಟ್ಟೆ. ರಮೇಶಕುಮಾರ ಓದಿದ. ಇನ್ನೊಮ್ಮೆ ಓದಿದ. ಕೀಬೋರ್ಡಿನಿಂದ ದೂರ ಸರಿದ. ಆ ದಿನವೂ ಪ್ರಶ್ನೆ ಹಾಕಿದ್ದೆಯಾ ಎಂದು ನಾನು ಕೇಳಲಿಲ್ಲ. ಕೇಳುವುದಕ್ಕೇ ಭಯವಾಗಿತ್ತು.

"ಆತೇನ್ರಿ ಸಾಹೇಬ್ರ?" ಬಾಗಿಲಲ್ಲಿ ಕಲ್ಯಾಣಪ್ಪ. ಹಣೆಯಲ್ಲಿ ವಿಭೂತಿ, ಹಿಂದೆ ಸುತ್ತಿಗೆ ಹಿಡಿದ ಇಬ್ಬರು. "ಸಹಿ ಮಾಡ್ರಿ. ಊಟಾ ಮಾಡೂಣು."

"ಸಾಯಿರಾ ಹಿಡಿಕಿ ಎಳದಿಲ್ಲ. ನಿಮ್ಮ ಡಿಬಗರ್ ಮಷೀನ್ ತಿರುಗಿಸ್ಯದ."

"ಮಷೀನಿನ ತಪ್ಪಂದ್ರ ಕ್ರಷರ್ ಬಂದ್. ಆಕಿ ತಪ್ಪಂದ್ರ ನಾಳಿಂದ ಚಾಲೂ. ನೀವು ಓದಿದೋರು, ನಿಮಗ ಹೇಳ್ಬೇಕೇನ್ರಿ?" ಆತ ಹಿಂದಿದ್ದವರತ್ತ ತಿರುಗಿಯೂ ನೋಡಲಿಲ್ಲ. "ಗೇಟ್ ಹಾಕ್ರೋ. ಆ ಲ್ಯಾಪ್‌ಟಾಪ್ ಒಡೀರಿ."

ಲ್ಯಾಪ್‌ಟಾಪ್ ಎದೆಗವಚಿ ಕಿಟಕಿಯಿಂದ ಹಾರಿದೆ.

ಖಡಿಯ ಗುಡ್ಡದ ಮೇಲೆ ಬಿದ್ದೆ. ಅದರ ಮೇಲೆ ಓಡಲಾಗುವುದಿಲ್ಲ. ಹೆಜ್ಜೆ ಇಟ್ಟಲ್ಲೆಲ್ಲ ನೆಲವೇ ಕೆಳಗೆ ಹೋಗುತ್ತದೆ. ಹಿಂದೆ ಸುತ್ತಿಗೆಗಳು. ಕೆಳಗೆ ಒಂದು ಟಿಪ್ಪರ್ ಗುರ್ ಎಂದು ಹಿಮ್ಮುಖವಾಗಿ ನನ್ನತ್ತ ಬಂತು. ಜಾರಿದೆ. ಅದರ ಗಾಲಿ ನನ್ನ ಮೊಣಕಾಲ ಹತ್ತಿರ ಬಂದು ನಿಂತಿತು.

ಗೇಟಿನಲ್ಲಿ ಜೀಪಿನ ಹಾರ್ನ್.

ಫೌಜದಾರರು ಸಾಯಿರಾಳನ್ನು ಒಯ್ಯಲು ಬಂದಿದ್ದರು. ಭೀಮಮ್ಮ ಆಕೆಯ ಕೈ ಹಿಡಿದು ಅವರ ಹಿಂದೆಯೇ ಒಳಗೆ ಬಂದಳು.

"ಏನ್ ನಡದದ ಇಲ್ಲಿ?" ಎಂದರು ಫೌಜದಾರರು.

ನಾನು ಧೂಳು ಕೊಡವಿಕೊಂಡು ಎದ್ದೆ. "ಮಷೀನು ನಿಂತದೇನ್ರಿ, ಕಲ್ಯಾಣಪ್ಪನವರ?"

"ನಿಂತದ."

"ಹಂಗಾರ ನಿಮ್ಮ ಟವೆಲ್ ಕಟ್ಟಿ ಒಳಗಿಳೀರಿ. ಫೌಜದಾರ್ ಸಾಹೇಬ್ರು ಕಾಯ್ತಾರ. ರಮೇಶಕುಮಾರ ಬರೇ ಒಂದು ಪ್ರಶ್ನಿ ಕೇಳ್ತಾರ."

ಕಲ್ಯಾಣಪ್ಪ ಮಷೀನಿನ ಬಾಯೊಳಗೆ ಇಣುಕಿದ. ದೂರದ ಲೈನಿನಲ್ಲಿ ಗೂಡ್ಸ್ ಗಾಡಿ ವಾಡಿ ಕಡೆ ಹೋಯಿತು. ಅದರ ಸದ್ದು ಮುಗಿದ ಮೇಲೂ ಆತ ಇಳಿಯಲಿಲ್ಲ.

ಆತನ ಬದಲು ಒಂದು ಮಣ್ಣಿನ ಕೊಡವನ್ನು ಎರಡೂ ದವಡೆಗೆ ತಾಗುವಂತೆ ಇಳಿಸಿದೆವು. ಹಿಡಿಕೆಗೆ ಫೌಜದಾರರೇ ಕರ್ಚೀಫು ಕಟ್ಟಿದರು. ರಮೇಶಕುಮಾರ ಲ್ಯಾಪ್‌ಟಾಪನ್ನು ಮತ್ತೆ ಜೋಡಿಸಿ, ಪ್ರೋಗ್ರಾಮನ್ನು ಹಿಡಿದು ನಿಲ್ಲಿಸಿ, ಸ್ಪೀಡ್ ಕೇಳಿದ. ಎಂಟರ್.

ಪರದೆ ಹೇಳಿತು, ಪಾಸ್ಡ್. ಸ್ಪೀಡ್ ಸೊನ್ನೆ.

ಕೆಳಗೆ ಕೊಡ ಒಡೆಯಿತು.

ಮಸಣದಲ್ಲಿ ಹೆಣದ ಮುಂದೆ ಕೊಡ ಒಡೆಯುವುದನ್ನು ಕೇಳಿದವರಿಗೆ ಆ ಸದ್ದು ಗೊತ್ತು. ಭೀಮಮ್ಮ ಸೆರಗು ತಲೆಯ ಮೇಲೆ ಎಳೆದುಕೊಂಡಳು.

"ನೀ ಮನಿಗಿ ಹೋಗವ್ವ," ಎಂದರು ಫೌಜದಾರರು ಸಾಯಿರಾಳಿಗೆ. ಆಕೆ ಓಡಿದಳು.

ಕಲ್ಯಾಣಪ್ಪ ಗೇಟು ನೋಡುತ್ತಿದ್ದ. ನಾನು ನನ್ನ ಬೂಟು.

ರಮೇಶಕುಮಾರ ಮೆಟ್ಟಿಲಿಳಿದು ಭೀಮಮ್ಮನ ಮುಂದೆ ನಿಂತ.

"ಪೀರಪ್ಪ ಕೆಳಗಿಂದ ಕೇಳಿದ್ನ್ರಿ, ನಿಂತದೇನ್ರಿ ಸಾಹೇಬ್ರ ಅಂತ. ನಾ ಮಷೀನಿಗಿ ಕೇಳಿ ಹೇಳ್ತೀನಿ ಅಂದೆ."

ಈ ದಂಧೆಯಲ್ಲಿ ನಾನು ಎಷ್ಟೋ ಜನರ ಬಾಯಿ ಬಿಡಿಸಿದ್ದೇನೆ. ಯಾರೂ ಕೇಳದೆ ಉತ್ತರ ಕೊಟ್ಟವನು ಅವನೊಬ್ಬನೇ... ಕೋಳ ಬಿದ್ದದ್ದೂ ಮೊದಲು ಅವನಿಗೇ.