ಬಿಸಿಯಾದ ಮೇಲೆ ನಿಲ್ಲುವ ಕಾರು

ನೀಲಿ ಕಾರು ಮೂರನೆಯ ಸಲ ಗ್ಯಾರೇಜಿನ ಗೇಟು ದಾಟಿ ಬಂದದ್ದು ಅವಳಿಗೆ ಸದ್ದಿನಲ್ಲೇ ಗೊತ್ತಾಯಿತು. ಎಂಜಿನ್ ಇನ್ನೂ ಬೆಚ್ಚಗೂ ಆಗಿರಲಿಲ್ಲ, ಮುಂದಿನ ಫ್ಯಾನು ಮಾತ್ರ ಭರ್ರೆಂದು ತಿರುಗುತ್ತಿತ್ತು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹೊತ್ತಿಕೊಂಡಿರುತ್ತದೆ. ನೋಡಬೇಕಾಗಿಯೇ ಇರಲಿಲ್ಲ.

ಕನ್ನಡಕದವನು ಇಳಿದ. ಮುಖ್ಯರಸ್ತೆಯಲ್ಲಿ ಕನ್ನಡಕದ ಅಂಗಡಿ ಇಟ್ಟವನು, ಊರವರ ಕಣ್ಣೆಲ್ಲ ಪರೀಕ್ಷಿಸುವವನು. ಹಿಂದಿನ ಸೀಟಿನಿಂದ ಅವನ ಅಮ್ಮ ಕೈಬೀಸಿದರು. ಮಂಡಿಯ ಆಪರೇಷನ್ ಆದಮೇಲೆ ಅವರು ಎಲ್ಲಿಗೆ ಹೋಗಬೇಕಾದರೂ ಈ ಕಾರೇ ಗತಿ.

"ಮತ್ತೆ ದೀಪ ಬಂದಿದೆ," ಎಂದ. "ಸಾರಿ."

"ನೀವ್ಯಾಕೆ ಸಾರಿ ಹೇಳ್ತೀರಿ? ಕೆಟ್ಟಿರೋದು ಕಾರು."

"ಕಾರಿನ ಪರವಾಗಿ ಹೇಳ್ದೆ."

ನಗು ತುಟಿಯ ತುದಿಯವರೆಗೆ ಬಂದು ನಿಂತಿತು. ಆಫೀಸಿನ ಗಾಜಿನ ಹಿಂದೆ ಸೋದರಮಾವ ಎದ್ದು ನಿಂತಿದ್ದ. ಗ್ಯಾರೇಜು ಅವನದು. ಎಲೆಕ್ಟ್ರಿಕಲ್ ಮೂಲೆಯನ್ನು ಸೋದರಸೊಸೆಯ ಕೈಗೆ ಕೊಟ್ಟದ್ದಕ್ಕೆ ಗಿರಾಕಿಗಳ ಹತ್ತಿರ ಈಗಾಗಲೇ ಮಾತು ಕೇಳಿದ್ದ. ಹಿಂದಿನ ಸಲ ಈ ಕಾರು ಹೋದಮೇಲೆ ಅವನು ಹೇಳಿದ್ದು ಅವಳ ಕಿವಿಯಲ್ಲಿ ಇನ್ನೂ ಇತ್ತು: "ನೋಡು ಕರೆಂಟು, ಅದೇ ಕಾರು ಅದೇ ಕಾಯಿಲೆಗೆ ಮತ್ತೆ ಬಂದ್ರೆ ಆ ಮೂಲೆ ಬೇರೆಯವರಿಗೆ. ನೀನು ಬ್ಯಾಟರಿ ಬದಲಾಯಿಸ್ಕೊಂಡಿರು."

ಕರೆಂಟು ಎಂದರೆ ಅವಳೇ. ಪ್ರೀತಿ ಬಂದಾಗಲೂ ಸಿಟ್ಟು ಬಂದಾಗಲೂ ಮಾವ ಕರೆಯುತ್ತಿದ್ದುದು ಹಾಗೆಯೇ.

ಮೊದಲ ಸಲ ಕಾರು ಬಂದಿದ್ದು ಬೇರೆ ದೂರಿನ ಮೇಲೆ. ಓಡಿ ಓಡಿ ಬಿಸಿಯಾದ ಮೇಲೆ ಎಂಜಿನ್ ಇದ್ದಕ್ಕಿದ್ದಂತೆ ಆಫ್ ಆಗುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಸರಿಹೋಗುತ್ತದೆ. ಅವಳು ನೋಡಿದಾಗ ಎಂಜಿನ್ನಿನ ತಾಪ ಅಳೆಯುವ ಸೆನ್ಸರ್ ಪಾಚಿಗಟ್ಟಿದಂತೆ ಹಸಿರಾಗಿತ್ತು. ಅದೇ ಕಾರಣ ಎಂದುಕೊಂಡು ಅದನ್ನು ಬದಲಾಯಿಸಿದಳು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅಮ್ಮ ಎಲ್ಲವನ್ನೂ ಕೇಳಿ ತಿಳಿದುಕೊಂಡಿದ್ದರು. ಮಗ ಮಾತ್ರ ಎಂಜಿನ್ ನೋಡುವುದು ಬಿಟ್ಟು ಅವಳನ್ನು ನೋಡಿದ್ದ.

"ಸಣ್ಣದೇನಾದ್ರೂ ನೋಡುವಾಗ ಬಲಗಣ್ಣು ಕಿರಿದು ಮಾಡ್ತೀರಿ," ಎಂದಿದ್ದ.

"ಅದು ಅಭ್ಯಾಸ."

"ಅಭ್ಯಾಸ ಎಡಗಣ್ಣಿಗೆ ಯಾಕಿಲ್ಲ?"

ಅವಳು ಬಾನೆಟ್ಟಿನೊಳಗೆ ಇನ್ನಷ್ಟು ಬಗ್ಗಿದ್ದಳು. ಕಿವಿ ಕೆಂಪಾಗಿದ್ದು ಎಂಜಿನ್ನಿನ ಶಾಖಕ್ಕೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಎರಡನೆಯ ಸಲ ಅದೇ ಸೆನ್ಸರಿನ ವೈರಿನ ಪ್ಲಗ್ಗು ಸಡಿಲವಾಗಿತ್ತು; ಅದು ಕಳಚಿದರೆ ಹಳದಿ ದೀಪ ಹೊತ್ತುತ್ತದೆ, ಫ್ಯಾನು ಸುಮ್ಮನೆ ತಿರುಗುತ್ತಲೇ ಇರುತ್ತದೆ. ಬಿಗಿಯಾಗಿ ಒತ್ತಿ ಕಳಿಸಿದ್ದಳು. ಈಗ ಮತ್ತೆ ಅದೇ.

"ಸಾಯಂಕಾಲ ಬಂದು ತಗೊಂಡು ಹೋಗಿ," ಎಂದಳು. ಅವನು ಅಮ್ಮನನ್ನು ಆಟೋ ಹತ್ತಿಸಿ ಅಂಗಡಿಗೆ ಹೋದ.

ಅವಳು ಟಾರ್ಚು ಹಿಡಿದು ಪ್ಲಗ್ಗನ್ನು ಹತ್ತಿರದಿಂದ ನೋಡಿದಳು. ಪೂರ್ತಿ ಕಳಚಿ ಪಕ್ಕಕ್ಕೆ ವಾಲಿತ್ತು. ಅದಕ್ಕೊಂದು ಸಣ್ಣ ಲಾಕ್ ಇದೆ. ಹೆಬ್ಬೆರಳಿನಿಂದ ಒತ್ತಿ ಎಳೆದರೆ ಮಾತ್ರ ಬಿಚ್ಚುತ್ತದೆ, ಎಷ್ಟು ಕುಲುಕಿದರೂ ಬಿಚ್ಚುವುದಿಲ್ಲ. ಲಾಕ್ ಮುರಿದಿರಲಿಲ್ಲ. ಮೇಲೆ ಹೊಸದಾಗಿ ಕೂತ ಧೂಳಿನಲ್ಲಿ ಒಂದು ಬೆರಳಿನಷ್ಟು ಜಾಗ ಸ್ವಚ್ಛವಾಗಿತ್ತು.

ಅವಳು ಟಾರ್ಚು ಆರಿಸಿದಳು. ಬಲಗಣ್ಣಿನ ಮಾತು, ಕಾರಿನ ಪರವಾಗಿ ಹೇಳಿದ ಸಾರಿ, ಎಲ್ಲ ಒಂದು ಆಟ. ಆ ಆಟಕ್ಕೆ ಅವಳ ಮೂಲೆ ಹೋಗುತ್ತದೆ.

ಸಾಯಂಕಾಲ ಅವನು ಒಬ್ಬನೇ ಬಂದ.

"ಏನಾಗಿತ್ತು?"

"ನಿಮಗೇ ಗೊತ್ತಿರ್ಬೇಕಲ್ಲ. ಪ್ಲಗ್ಗು ತಾನಾಗಿ ಬಿಚ್ಚಿಲ್ಲ. ಯಾರೋ ಕೈಯಾರೆ ಕಿತ್ತಿದ್ದಾರೆ, ಎರಡು ಸಲ."

ಅವನು ಪ್ಲಗ್ಗನ್ನೂ ಅವಳನ್ನೂ ನೋಡಿದ. ಏನೋ ಹೇಳಲು ಬಾಯಿ ತೆರೆದ. ಆ ಒಂದು ಕ್ಷಣದ ತಡವರಿಕೆಯೇ ಅವಳಿಗೆ ಸಾಕಾಯಿತು.

"ನಾನು ಕಿತ್ತಿಲ್ಲ," ಎಂದ, ಕೊನೆಗೆ.

"ನಿಮಗೆ ಇದು ತಮಾಷೆ. ನನಗೆ ಇದು ಅನ್ನ. ಇನ್ಮೇಲೆ ಈ ಕಾರನ್ನ ಬೇರೆ ಕಡೆ ತಗೊಂಡು ಹೋಗಿ."

ಅವನು ಬಾನೆಟ್ಟನ್ನು ಮೆಲ್ಲಗೆ, ಮಲಗಿದ ಮಗುವಿನ ಕೋಣೆಯ ಬಾಗಿಲು ಮುಚ್ಚುವ ಹಾಗೆ, ಇಳಿಸಿ ಹೊರಟುಹೋದ. ಅವನು ರೇಗಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ ಮಧ್ಯಾಹ್ನ ಫೋನ್ ಬಂತು. ಹಿಂದೆ ಲಾರಿಗಳ ಹಾರ್ನು.

"ಸೇತುವೆ ಮೇಲೆ ಕಾರು ನಿಂತುಹೋಗಿದೆ. ತಿರುವು ದಾಟಿದ ತಕ್ಷಣ, ಏರಿನಲ್ಲಿ. ಹಿಂದಿನಿಂದ ಬರೋರಿಗೆ ಕಾಣ್ಸಲ್ಲ. ಅಮ್ಮ ಒಳಗಿದ್ದಾರೆ, ಈ ಏರಿನಲ್ಲಿ ಅವರಿಗೆ ಕೋಲೂರಿ ನಡೆಯೋಕಾಗಲ್ಲ, ನನ್ನೊಬ್ಬನ ಕೈಲಿ ಎತ್ತೋಕೂ ಆಗ್ತಿಲ್ಲ." ಅವನ ಉಸಿರು ಏರಿತ್ತು. "ಬೇರೆ ಕಡೆ ಹೋಗಿ ಅಂದ್ರಿ. ಬೇರೆ ಯಾರೂ ನನಗೆ ಗೊತ್ತಿಲ್ಲ."

ಅವಳು ಟೂಲ್ ಚೀಲ ಎತ್ತಿಕೊಂಡಳು. ಮಾವ ಅಡ್ಡ ಬಂದ. "ಅದೇ ಕಾರಾ? ಬಿಡು, ಆ ಸಹವಾಸ ಸಾಕು."

"ಮಾವ, ಮೊದಲನೇ ದಿನ ಅವರು ಹೇಳಿದ್ದೇ ಇದು. ಬಿಸಿಯಾದ್ರೆ ನಿಲ್ಲತ್ತೆ ಅಂತ. ನಾನು ಪ್ಲಗ್ಗಿನ ಹಿಂದೆ ಬಿದ್ದು ಅದನ್ನ ಮರೆತೇಬಿಟ್ಟೆ."

ಸ್ಕೂಟರು ತಿರುವು ದಾಟುವಾಗ ಅವಳಿಗೆ ಮೊದಲು ಕಂಡದ್ದು ಕೆಂಪು ಶಾಲು. ಅವನು ರಸ್ತೆಯ ನಡುವೆ ನಿಂತು ಅಮ್ಮನ ಶಾಲನ್ನು ಬೀಸುತ್ತಿದ್ದ. ಒಂದು ಬಸ್ಸು ಅವನಿಗೆ ಮಾರು ದೂರದಲ್ಲಿ ಕಿರುಗುಟ್ಟಿ ನಿಂತು, ಬೈದು, ಬಳಸಿಕೊಂಡು ಹೋಯಿತು.

"ಮೊದ್ಲು ಅಮ್ಮ," ಎಂದಳು ಅವಳು. "ಕೈ ಕೊಡಿ. ಹಾಗಲ್ಲ, ಮಣಿಕಟ್ಟು ಹಿಡೀರಿ."

ಇಬ್ಬರೂ ಕೈಗೆ ಕೈ ಹೆಣೆದು ಕುರ್ಚಿ ಮಾಡಿದರು. ಅಮ್ಮ ಇಬ್ಬರ ಕುತ್ತಿಗೆಗೂ ತೋಳು ಹಾಕಿ ಕೂತರು. ಅವನ ಬೆರಳು ಅವಳ ಮಣಿಕಟ್ಟಿನ ನಾಡಿಯ ಮೇಲೇ ಇತ್ತು. ಅದು ಹೊಡೆದುಕೊಳ್ಳುತ್ತಿದ್ದುದು ಅವನಿಗೆ ತಿಳಿಯದಿರಲು ಸಾಧ್ಯವಿರಲಿಲ್ಲ.

"ಆ ಪ್ಲಗ್ಗು ಕಿತ್ತಿದ್ದು ನಾನು," ಎಂದರು ಅಮ್ಮ, ಇಬ್ಬರ ನಡುವೆ ತೂಗುತ್ತ.

ಇಬ್ಬರೂ ಒಮ್ಮೆಲೇ ನಿಂತುಬಿಟ್ಟರು.

"ನಡೀರಿ, ಬೀಳಿಸಬೇಡಿ. ಇವನಿಗೆ ಬಾಯಿಲ್ಲ ಕಣಮ್ಮಾ. ನಿನ್ನ ಗ್ಯಾರೇಜಿಗೆ ಹೋಗಿ ಬಂದ ದಿನ ಎರಡು ತುತ್ತು ಜಾಸ್ತಿ ಉಣ್ತಾನೆ. ಅದು ಕಳಚಿದ್ರೆ ಬರೀ ದೀಪ ಹತ್ತೋದು ಅಂತ ನೀನೇ ಹೇಳಿದ್ದೆ, ಯಾರಿಗೇನು ನಷ್ಟ ಅಂದ್ಕೊಂಡೆ."

"ಅಮ್ಮಾ," ಎಂದ ಅವನು.

ಅವರನ್ನು ಕಂಬಿಯ ಆಚೆಯ ಕಾಲುದಾರಿಯಲ್ಲಿ ಕೂರಿಸಿದಮೇಲೆ ಅವಳು ಹೇಳಿದಳು, "ನಷ್ಟ ಆಗಿದೆ. ಆ ದೀಪ ನೋಡ್ಕೊಂಡು ನಾನು ನಿಜವಾದ ರೋಗ ಹುಡುಕಲೇ ಇಲ್ಲ. ಇವತ್ತು ನೀವು ಇಲ್ಲಿ ಸಿಕ್ಕಿಹಾಕ್ಕೊಂಡಿದ್ದು ಅದಕ್ಕೇ."

ಅಮ್ಮನ ಮುಖ ಸಣ್ಣದಾಯಿತು. ಸಮಾಧಾನ ಹೇಳಲು ಪುರುಸೊತ್ತಿರಲಿಲ್ಲ.

ಅವಳು ಕಾರೊಳಗೆ ಕೂತು ಕೀ ತಿರುಗಿಸಿದಳು. ಸ್ಟಾರ್ಟರ್ ತಿರುಗಿತು, ಎಂಜಿನ್ ಶುರುವಾಗಲಿಲ್ಲ. ಕೀ ಹಿಂದಕ್ಕೆ ತಂದು, ಮತ್ತೆ ಅರ್ಧಕ್ಕೆ ತಿರುಗಿಸಿ ಸುಮ್ಮನೆ ನೋಡಿದಳು. ಕೀ ಆನ್ ಆದಾಗ ಹಳದಿ ದೀಪ ಒಂದು ಕ್ಷಣವಾದರೂ ಮಿನುಗಬೇಕು, ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪು ಗುಂಯ್ ಎನ್ನಬೇಕು. ದೀಪವೂ ಇಲ್ಲ, ಪಂಪೂ ಇಲ್ಲ. ಇಷ್ಟು ದಿನ ಹೊತ್ತಿದ ದೀಪದ ಹಿಂದೆ ಅಲೆದಿದ್ದಳು. ಸುಳಿವು ಇದ್ದದ್ದು ಹೊತ್ತದ ದೀಪದಲ್ಲಿ. ಎಂಜಿನ್ನಿನ ಕಂಪ್ಯೂಟರಿಗೇ ಕರೆಂಟು ಹೋಗುತ್ತಿಲ್ಲ.

ಸ್ಟಿಯರಿಂಗಿನ ಎಡಕ್ಕೆ, ಡ್ಯಾಶ್‌ಬೋರ್ಡಿನ ಅಡಿಗೆ ಕೈ ಹಾಕಿದಳು. ಕಂಪ್ಯೂಟರಿಗೆ ಕರೆಂಟು ಬಿಡುವ ರಿಲೇ, ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ, ಮುಟ್ಟಲಾರದಷ್ಟು ಕಾದಿತ್ತು. ಸ್ಕ್ರೂಡ್ರೈವರಿನ ಹಿಡಿಯಿಂದ ಅದಕ್ಕೊಂದು ಏಟು ಕೊಟ್ಟು, ಬೆರಳಿನಿಂದ ಒತ್ತಿದಳು. ಟಿಕ್. ದೀಪ ಹೊತ್ತಿತು, ಪಂಪು ಗುಂಯ್ ಎಂದಿತು. ಕೈ ತೆಗೆದಳು. ಎಲ್ಲ ಸತ್ತಿತು.

"ಇದನ್ನ ಯಾರಾದ್ರೂ ಒತ್ತಿ ಹಿಡೀಬೇಕು. ನಾನು ಓಡಿಸ್ತೀನಿ."

ಅವನು ಎಡಗಡೆ ಸೀಟಿನ ಮುಂದೆ ಕಾಲಿಡುವ ಜಾಗದಲ್ಲಿ ಮುದುಡಿ, ತಲೆ ಓರೆ ಮಾಡಿ, ಕೈಯನ್ನು ಡ್ಯಾಶ್‌ಬೋರ್ಡಿನ ಅಡಿಗೆ ತೂರಿಸಿದ. ಆ ಕಡೆಯಿಂದ ಸ್ಕ್ರೂಡ್ರೈವರ್ ತೂರುವಷ್ಟು ಎಡೆಯಿರಲಿಲ್ಲ; ಅವಳು ಅವನ ಹೆಬ್ಬೆರಳನ್ನು ಹಿಡಿದು ಜಾಗಕ್ಕೆ ಒಯ್ದು ಇಟ್ಟಳು.

"ಸುಡತ್ತೆ."

"ಸುಡ್ಲಿ."

"ತೆಗೆದ್ರೆ ನಡುರಸ್ತೆಯಲ್ಲಿ ಇಬ್ರೂ ಇರ್ತೀವಿ."

"ತೆಗೆಯಲ್ಲ."

ಕನ್ನಡಿಯಲ್ಲಿ ಲಾರಿಯೊಂದು ತಿರುವಿನಿಂದ ದೊಡ್ಡದಾಗುತ್ತ ಬಂತು. ಎಂಜಿನ್ ಶುರುವಾಯಿತು. ಕ್ಲಚ್ ಬಿಟ್ಟಳು. ಕಾರು ಒಮ್ಮೆ ಕೆಮ್ಮಿ ಏರು ಹತ್ತಿತು, ಲಾರಿ ಹಾರ್ನು ಒತ್ತುತ್ತಲೇ ಹಿಂದೆ ಬಂತು. ಸೇತುವೆಯ ನೆತ್ತಿ ದಾಟಿ ಇಳಿಜಾರಿನ ಅಗಲ ಅಂಚಿಗೆ ಕಾರು ನಿಲ್ಲಿಸುವವರೆಗೆ ಅವನ ಹೆಬ್ಬೆರಳು ಕದಲಲಿಲ್ಲ.

"ಇನ್ನು ಬಿಡಬಹುದು," ಎಂದಳು. ಅವನ ಹೆಬ್ಬೆರಳ ತುದಿಯಲ್ಲಿ ಬೊಬ್ಬೆ ಎದ್ದಿತ್ತು. ಅವಳು ನೀರಿನ ಬಾಟಲಿ ತೆಗೆದು ಸುರಿದಳು. ಕೈ ಬಿಡಲು ಇಬ್ಬರಿಗೂ ಅವಸರವಿರಲಿಲ್ಲ.

ಅಮ್ಮನನ್ನು ಕರೆತರಲು ಸೇತುವೆಯ ಮೇಲೆ ಹಿಂದಕ್ಕೆ ನಡೆದರು.

"ನಿನ್ನೆ ನಾನು ಹಾಗೆ ಅನ್ನಬಾರದಿತ್ತು," ಎಂದಳು.

"ಅನ್ನಬಹುದಿತ್ತು." ಅವನು ನದಿಯ ಕಡೆ ನೋಡುತ್ತ ನಡೆದ. "ಪ್ಲಗ್ಗು ನಾನು ಕಿತ್ತಿಲ್ಲ. ಆದ್ರೆ ದೀಪ ಬಂದಾಗೆಲ್ಲ ಖುಷಿಯಾಗ್ತಿತ್ತು. ಅದಕ್ಕೇ ನೀವು ಕೇಳಿದಾಗ ತಕ್ಷಣ ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ."

ಅವರ ನೆರಳು ಕಂಬಿಯ ಮೇಲೆ ಮುರಿದು ಮುರಿದು ಸಾಗಿತು.

"ನಿಮ್ಮ ಕಾರು ಗೇಟಿಗೆ ಬಂದಾಗೆಲ್ಲ," ಎಂದಳು ಆಮೇಲೆ, "ನಾನು ಮೊದ್ಲು ಕೈ ತೊಳ್ಕೋತಿದ್ದೆ. ಕೆಲಸ ಶುರು ಮಾಡೋಕೆ ಮುಂಚೆ ಯಾವ ಮೆಕ್ಯಾನಿಕ್ ಕೈ ತೊಳ್ಕೋತಾನೆ ಹೇಳಿ."

ಅವನು ನಿಂತ. ಅವಳು ನಿಲ್ಲಲಿಲ್ಲ. ಅವನೇ ಓಡಿ ಬಂದು ಹೆಜ್ಜೆ ಸೇರಿಸಿದ.

ಕಾರು ತಣ್ಣಗಾದ ಮೇಲೆ ಅದನ್ನು ಗ್ಯಾರೇಜಿಗೆ ತಂದು, ಅವಳು ರಿಲೇ ಬಿಚ್ಚಿ ಮಾವನ ಮುಂದೆ ಇಟ್ಟಳು. ಬೆಸುಗೆಯ ಒಂದು ಚುಕ್ಕೆಯ ಸುತ್ತ ಕೂದಲೆಳೆಯಂಥ ಬಿರುಕು. ತಣ್ಣಗಿದ್ದಾಗ ಕೂಡಿಕೊಂಡಿರುತ್ತದೆ, ಕಾದಾಗ ಬಿಟ್ಟುಕೊಳ್ಳುತ್ತದೆ. ಮಾವ ಅದನ್ನು ಬೆಳಕಿಗೆ ಹಿಡಿದು ನೋಡಿದ. ಅಮ್ಮ ಕೋಲೂರಿಕೊಂಡು ಹೋಗಿ ಪ್ಲಗ್ಗಿನ ವಿಷಯವನ್ನು ಅವನ ಮುಂದೆ ತಾವೇ ಒಪ್ಪಿಕೊಂಡರು. ಅವನಿಗೆ ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. "ಮೊದಲನೇ ದಿನವೇ ಕಾರು ಬಿಸಿಮಾಡಿ ನೋಡ್ಬೇಕಿತ್ತು, ಕರೆಂಟು," ಎಂದಷ್ಟೇ ಹೇಳಿ, ಅವಳ ಮೂಲೆಯ ದೀಪದ ಸ್ವಿಚ್ಚನ್ನು ತಾನೇ ಹಾಕಿ ಹೊರಗೆ ಹೋದ.

ಹೊಸ ಬೆಸುಗೆ ಆರಿತು. ಎಂಜಿನ್ ಬಿಸಿಯಾಗಿ ಫ್ಯಾನು ತಿರುಗಿ ಮತ್ತೆ ನಿಲ್ಲುವವರೆಗೂ ಕಾದು ನೋಡಿದರು. ಕಾರು ಒಮ್ಮೆಯೂ ತಡವರಿಸಲಿಲ್ಲ.

"ಇನ್ನು ಕೆಡಲ್ವಾ?" ಎಂದು ಕೇಳಿದ ಅವನು. ದನಿಯಲ್ಲಿ ಸಂತೋಷ ಅಷ್ಟೇನೂ ಇರಲಿಲ್ಲ.

"ಕೆಡಲ್ಲ." ಅವಳು ಕೈ ಒರೆಸಿಕೊಂಡು, ಕೀಯನ್ನು ಅವನ ಅಂಗೈಗೆ ಇಟ್ಟು, ಬೆರಳುಗಳನ್ನು ತಾನೇ ಮುಚ್ಚಿದಳು. "ನಾಳೆ ಕಾರು ಮನೇಲೇ ಬಿಟ್ಟು ಬನ್ನಿ."