ದುಗ್ಗತ್ತೆಯ ಸರದಿ

೧೯೭೯ರ ಬೇಸಿಗೆ ರಜೆ. ರಿಪ್ಪನ್‌ಪೇಟೆಯ ಮನೆಯ ಒಳಕೋಣೆಯಲ್ಲಿ ನಾನೂ ಸೋದರತ್ತೆ ದುಗ್ಗಮ್ಮನೂ ಕಡ್ಡಿ ಆಟ ಆಡುತ್ತಿದ್ದೆವು. ಇಪ್ಪತ್ತು ಪೊರಕೆಕಡ್ಡಿಗಳನ್ನು ಮಣೆಯ ಮೇಲೆ ಚೆಲ್ಲಿ, ಬೇರೆ ಕಡ್ಡಿ ಅಲುಗದಂತೆ ಒಂದೊಂದಾಗಿ ಎತ್ತಬೇಕು. ಅತ್ತೆಗೆ ಚಿಕ್ಕಂದಿನಿಂದ ಕೈನಡುಕ. ಒಂದು ಸಲವೂ ಗೆದ್ದವಳಲ್ಲ.

"ನನ್ನ ಸರದಿ ಬಾಕಿ ಇದೆ, ಮುಟ್ಬೇಡ. ಎದೆ ಹಿಡ್ದಂಗಾಗ್ತದೆ, ನೀರು ಕುಡ್ದು ಬರ್ತೀನಿ" ಎಂದು, ಆಗಷ್ಟೇ ಚೆಲ್ಲಿದ್ದ ಕಡ್ಡಿಗಳನ್ನು ಹಾಗೇ ಬಿಟ್ಟು ಎದ್ದವಳು ಅಡುಗೆಮನೆಯಲ್ಲಿ ಕುಸಿದು ತೀರಿಕೊಂಡಳು.

ಹೆಣ ಎತ್ತುವವರೆಗೆ ಕಸ ಗುಡಿಸಬಾರದೆಂದು ಆ ಒಳಕೋಣೆಯ ಬಾಗಿಲು ಹಾಕಿಟ್ಟರು. ನಡುಮನೆಯಲ್ಲಿ ಎಲ್ಲರೂ ಹೆಣದ ಸುತ್ತ ಕುಳಿತಿದ್ದೆವು. ಕೋಣೆಯೊಳಗೆ ಆಗಾಗ ಮಣೆಗೆ ಕಡ್ಡಿ ತಾಗಿದಂತೆ ಸಣ್ಣ ಸದ್ದು. ಹಲ್ಲಿ ಇರಬೇಕು ಅಂದುಕೊಂಡೆ.

ಹೆಣ ಹೋದ ಮೇಲೆ ಅಮ್ಮ ಪೊರಕೆ ಹಿಡಿದು ಬಾಗಿಲು ತೆಗೆದಳು. ಅತ್ತೆ ಕೂರುತ್ತಿದ್ದ ಬದಿಯಲ್ಲಿ ಹತ್ತೊಂಬತ್ತು ಕಡ್ಡಿಗಳು ಸಾಲಾಗಿದ್ದವು. ಮುಟ್ಟಿದೆ, ಬೆಚ್ಚಗಿದ್ದವು. ಮಣೆಯ ನಡುವೆ ಒಂದೇ ಉಳಿದಿತ್ತು.

"ಅದನ್ನೂ ಎತ್ತು, ಗುಡಿಸ್ಬೇಕು" ಎಂದಳು ಅಮ್ಮ.

ಅಲುಗುವುದಕ್ಕೆ ಬೇರೆ ಕಡ್ಡಿಯೇ ಇರಲಿಲ್ಲ. ಆದರೂ ಎತ್ತುವಾಗ ನನ್ನ ಕೈ ನಡುಗಿತು.

ಆ ನಡುಕ ಇವತ್ತಿಗೂ ನಿಂತಿಲ್ಲ. ಬಿ.ಎ. ಓದಿದ್ದೇನೆ, ಸಹಿ ಹಾಕುವ ಕಡೆ ಹೆಬ್ಬೆಟ್ಟು ಒತ್ತುತ್ತೇನೆ.