ಒಳಮುಖದ ಕುದುರೆಗಳು

ಕೊನೆಯ ಸುತ್ತಿನ ಆಟ ಇನ್ನೂ ಬಿಸಿಯೇರಿರಲಿಲ್ಲ. ಬಡಗಿಯ ಮಗಳು ತನ್ನ ಕುರ್ಚಿಗೆ ನೇತುಹಾಕಿದ್ದ ಕೋಟಿನೊಳಗೆ ಫೋನು ಕೂಗಿಕೊಂಡಿತು. ನೋಡುತ್ತ ಕೂತಿದ್ದ ಬಡಗಿ ಎದ್ದು ನಿಂತ. ಅದು ಅವನದೇ ಫೋನು. ಬಾಗಿಲ ಬಳಿಯ ತಟ್ಟೆಯಲ್ಲಿ ಎಲ್ಲರಂತೆ ತಾನೂ ಇಟ್ಟು ಬಂದಿದ್ದ. ಯಾರೋ ಅದರಲ್ಲಿ ಅಲಾರಂ ಇಟ್ಟು ಜೇಬಿಗೆ ತುರುಕಿದ್ದರು.

ಚದುರಂಗದ ಪಂದ್ಯದಲ್ಲಿ ಆಟಗಾರನ ಫೋನು ಸದ್ದು ಮಾಡಿದರೆ ಆಟ ಸೋತಂತೆಯೇ. ತೀರ್ಪುಗಾರ ಗಡಿಯಾರ ನಿಲ್ಲಿಸಿದ. ಗೆದ್ದವರಿಗೆ ತರಬೇತಿ ಶಾಲೆಯಲ್ಲಿ ಸೀಟು, ಅದೂ ಒಂದೇ. ಹುಡುಗಿ ಅಳಲಿಲ್ಲ, ಮಣೆಯನ್ನೇ ನೋಡುತ್ತ ಕೂತಳು. ಬಡಗಿ ಮಾತ್ರ ಮೇಜು ಗುದ್ದಿ, ಯಾವ ಕಳ್ಳ ನನ್ಮಗ ಇದನ್ನು ಮಾಡಿದ್ದು ಎಂದು ಕೂಗಾಡಿದ.

ಅವನ ಅಕ್ಕ ಪೊಲೀಸ್ ಕೆಲಸದಿಂದ ನಿವೃತ್ತಳಾದವಳು. ಸುತ್ತಮುತ್ತ ಯಾರ ಮನೆಯಲ್ಲಿ ಏನು ಕಳುವಾದರೂ ಅವಳ ಬಾಗಿಲು ತಟ್ಟುತ್ತಿದ್ದರು. ಅವಳ ಬೆನ್ನಿಗೆ ಬಾಲದಂತೆ ಹೋಗುವವನು ಈ ತಮ್ಮ. ಚದುರಂಗದ ಗಂಧಗಾಳಿಯೂ ಅವಳಿಗಿರಲಿಲ್ಲ.

"ನೀನು ಬಾಯಿ ಮುಚ್ಚಿದರೆ ಅರ್ಧ ಕೆಲಸ ಆದ ಹಾಗೆ ಕಣೋ," ಎಂದು ಅವನನ್ನು ಕೂರಿಸಿ, ತೀರ್ಪುಗಾರನಿಂದ ಊಟದ ಹೊತ್ತಿನವರೆಗೆ ಗಡುವು ಪಡೆದಳು.

ಆಟಕ್ಕೆ ಮುಂಚೆ ಹುಡುಗಿ ಕೋಟನ್ನು ಕುರ್ಚಿಗೆ ಹಾಕಿ, ಎದುರಾಳಿ ಹುಡುಗನ ಜತೆ ಫೋಟೋ ತೆಗೆಸಿಕೊಳ್ಳಲು ಹೊರಗೆ ಹೋಗಿದ್ದಳು. ಆಗ ಒಳಗಿದ್ದವರು ಮೂವರೇ: ಮಣೆ ಜೋಡಿಸುತ್ತಿದ್ದ ತೀರ್ಪುಗಾರ, ಲೋಟ ಎತ್ತಲು ಬಂದ ಚಹಾದವನು, ಹುಡುಗನ ಕೋಚು. ಕೋಚು ಪರಕೀಯನಲ್ಲ, ಈ ಹುಡುಗಿಗೂ ಎಳವೆಯಲ್ಲಿ ಮೊದಲ ಪಾಠ ಹೇಳಿದವನು. ಬಡಗಿಯ ಅನುಮಾನ ಚಹಾದವನ ಮೇಲೆ ಬಿತ್ತು.

"ಕೂತಾಗ ಏನಾದರೂ ಬೇರೆ ಥರ ಇತ್ತೇನೇ?" ಅಕ್ಕ ಕೇಳಿದಳು.

"ಏನಿಲ್ಲ ಅತ್ತೆ. ನನ್ನ ಕುದುರೆಗಳು ಒಂದನ್ನೊಂದು ನೋಡ್ತಿದ್ವು. ನಾನೀಗ ಇಡೋ ಹಾಗೆ ಮುಂದಕ್ಕೆ ತಿರುಗಿಸಿಕೊಂಡೆ."

ಅಕ್ಕ ತೀರ್ಪುಗಾರನನ್ನು ವಿಚಾರಿಸಿದಳು. ತಾನು ಎಲ್ಲ ಮಣೆಯಲ್ಲೂ ಕುದುರೆಗಳನ್ನು ಮುಂದಕ್ಕೇ ಮುಖ ಮಾಡಿ ಇಡುವುದು ಎಂದ ಅವನು.

ಊಟಕ್ಕೆ ಮುಂಚೆ ಎಲ್ಲರನ್ನೂ ಒಂದು ಮೇಜಿನ ಸುತ್ತ ಕರೆದಳು. ಮಣೆಯ ಮೇಲೆ ಕುದುರೆಗಳು ಅಡ್ಡಾದಿಡ್ಡಿ ನಿಂತಿದ್ದವು. ಕೋಚನ್ನು ಬಿಳಿಯ ಕಡೆ ಕೂರಿಸಿ, ಚಹಾದವನ ಹತ್ತಿರ ಲೋಟಗಳ ವಿಚಾರ ತೆಗೆದಳು. ಲೋಟದ ಕತೆ ಮುಗಿಯುವಷ್ಟರಲ್ಲಿ ಕೋಚಿನ ಬೆರಳು ತನ್ನಷ್ಟಕ್ಕೆ ಹೋಗಿ ಎರಡು ಬಿಳಿ ಕುದುರೆಗಳನ್ನೂ ಒಳಮುಖವಾಗಿ ನಿಲ್ಲಿಸಿತ್ತು.

"ಸೊಟ್ಟಗಿರೋ ಕಾಯಿ ಕಂಡರೆ ಆಟಗಾರನ ಕೈ ಸುಮ್ಮನಿರಲ್ಲ," ಎಂದಳು ಅಕ್ಕ. "ಚಹಾದವರಿಗೆ ಕುದುರೆ ಎತ್ತ ನೋಡಿದರೇನು? ತೀರ್ಪುಗಾರರು ಇಡೋದು ಮುಂದಕ್ಕೆ. ಒಳಮುಖ ನಿಮ್ಮ ಪಾಠಶಾಲೆಯ ಚಾಳಿ. ನಿಮ್ಮ ಹುಡುಗನೂ ಹಾಗೇ ಇಡ್ತಾನೆ, ಇವತ್ತಿನ ಮಣೆಯಲ್ಲೇ ನೋಡಿದೆ. ಆದರೆ ಅವನು ಹೊರಗೆ ಫೋಟೋಗೆ ನಿಂತಿದ್ದ. ಚಹಾದವರು ಹೋಗಲಿ ಅಂತ ಕಾಯ್ತಾ ಇವಳ ಕುರ್ಚಿಯ ಹಿಂದೆ ಮಣೆ ನೋಡೋ ಹಾಗೆ ನಿಂತಿದ್ರಿ. ಆಗ ಕೈ ಇದೇ ಕೆಲಸ ಮಾಡಿತು."

ಕೋಚು ತಲೆ ತಗ್ಗಿಸಿದ. ಮುಂದಿನ ವರ್ಷ ತನ್ನ ಹುಡುಗನಿಗೆ ಈ ಸೀಟಿನ ವಯಸ್ಸು ಮೀರುತ್ತದೆ ಎಂದಷ್ಟೇ ಗೊಣಗಿದ. ಬಡಗಿ ಮುಷ್ಟಿ ಬಿಗಿದು ಎದ್ದ. ಅಷ್ಟರಲ್ಲಿ ಆ ಹುಡುಗನೇ ಮುಂದೆ ಬಂದು, "ಮೊದಲಿಂದ ಆಡೋಣ ಸರ್. ಸೋತರೆ ಸೋಲ್ತೀನಿ," ಎಂದ. ಬಡಗಿಯ ಮುಷ್ಟಿ ಸಡಿಲವಾಯಿತು. ಆ ಹುಡುಗನ ಬೆನ್ನು ತಟ್ಟಿದ. ಚಹಾದವನ ಕ್ಷಮೆಯನ್ನೂ ಕೇಳಿದ. ಅಕ್ಕನ ಚೀಲ ಎತ್ತಿಕೊಂಡ.

ಸಂಜೆ ಸೀಟು ಮಗಳಿಗೇ ಸಿಕ್ಕಿತು. ಆದರೆ ಬಡಗಿಗೆ ನೆನಪಿನಲ್ಲಿ ಉಳಿದದ್ದು ಆಟದ ಮೊದಲ ಗಳಿಗೆ. ಮಣೆ ಮತ್ತೆ ಜೋಡಿಸಿದಾಗ ಮಗಳು ಬಾಗಿಲಲ್ಲಿ ನಿಂತಿದ್ದ ಕೋಚನ್ನು ಒಮ್ಮೆ ನೋಡಿದಳು. ಆಮೇಲೆ ತನ್ನ ಎರಡು ಕುದುರೆಗಳನ್ನೂ, ಎಳವೆಯಲ್ಲಿ ಅವನು ಹೇಳಿಕೊಟ್ಟ ಹಾಗೆ, ಒಳಮುಖವಾಗಿ ತಿರುಗಿಸಿಟ್ಟು ಅವನತ್ತ ಕೈಮುಗಿದಳು.